ನೋಡಲು ಬಂದವರು

14-3-1999, ಭಾನುವಾರ. ದಾವಣಗೆರೆ

ಇವರಿಗೆ ನಾಚಿಕೆ ಅನ್ನುವುದನ್ನು ದೇವರು ಕೊಟ್ಟೇ ಇಲ್ಲ.

ಅಕ್ಕನ ಮಗಳು ಪಾರಿ ಟ್ರ್ಯಾಕ್ಟರಿನಿಂದ ಬಿದ್ದು, ತಲೆಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ವಾಂತಿ ನಿಂತಿಲ್ಲ, ಇನ್ನೊಮ್ಮೆ ಸ್ಕ್ಯಾನ್ ಆಗಲೇಬೇಕು ಎಂದರು ಡಾಕ್ಟರು. ಅಕ್ಕನ ಓಲೆ ಮಾರಿದ ದುಡ್ಡು ಹಿಡಿದು ಭಾವ ಕಟ್ಟಲು ಹೊರಟಿದ್ದ. ಅಷ್ಟರಲ್ಲಿ ಹಡಗಲಿಯಿಂದ ಒಂದು ಟ್ರ್ಯಾಕ್ಸ್ ತುಂಬ ನೆಂಟರು ಬಂದಿಳಿದರು. ಎಲ್ಲರ ಕೈಯಲ್ಲೂ ಬ್ರೆಡ್ಡು, ಬನ್ನು. ಬಾಯಿಗೆ ನೀರೂ ಹಾಕಬಾರದ ಕೂಸಿಗೆ ಬನ್ನು!

ನೋಡಲು ಬಂದವರನ್ನು ಹಸಿದು ಕಳಿಸಿದರೆ ಮರ್ಯಾದೆ ಹೋಗುತ್ತದಂತೆ. ಭಾವ ಎಲ್ಲರನ್ನೂ ಖಾನಾವಳಿಗೆ ಕರೆದೊಯ್ದ. ರೊಟ್ಟಿಯ ಮೇಲೆ ರೊಟ್ಟಿ ಹಾಕಿಸಿಕೊಂಡು ತಿಂದರು. ಹೊರಗೆ ಡ್ರೈವರ್ ಬಾಡಿಗೆ ಕೇಳಿದಾಗ ಭಾವನ ದೊಡ್ಡಪ್ಪ ಹುಲುಗಣ್ಣ ಹಲ್ಲು ಚುಚ್ಚಿಕೊಳ್ಳುತ್ತ, “ನಿನ್ ಮಗಳನ್ನ ನೋಡಾಕ ಬಂದೀವಿ, ಬಾಡಿಗಿನೂ ನಾವಾ ಕೊಡಬೇಕೇನಲೇ?” ಅಂದ. ಭಾವ, ಆ ಹೇಡಿ, ಸ್ಕ್ಯಾನಿನ ದುಡ್ಡನ್ನು ಎಣಿಸಿ ಕೊಟ್ಟೇಬಿಟ್ಟ.

ಗಾಡಿ ಹತ್ತುವ ಮುಂಚೆ ಹುಲುಗಣ್ಣ ನನ್ನನ್ನು ಪಕ್ಕಕ್ಕೆ ಕರೆದ.

“ಸ್ಕ್ಯಾನ್ ಇನ್ನಾ ಮಾಡ್ಸಿಲ್ಲಂತ? ಎಂಥಾ ಅಪ್ಪ ಅದಾನಲೇ ಇವ?”

ಮಂಚದ ಕೆಳಗಿನ ಬನ್ನಿಗೆ ಇರುವೆ ಮುತ್ತಿವೆ. ಅಕ್ಕ ಕೂಗುತ್ತಿದ್ದಾಳೆ, ಪಾರಿಗೆ ಮತ್ತೆ ವಾಂತಿ