ಹಾಂಗ್‌ಝೌನಿಂದ, ನೂಲು ಮಾರೋ ಮಗಳ ಮನೆಯಿಂದ

...ತಪ್ಪು ತಿಳ್ಕಬೇಡ ಅಕ್ಕಾ, ಮತ್ತೆ ಮೊದಲಿಂದ ಹೇಳ್ತೀನಿ. ಆಗ್ಲೇ ಮಾತಾಡಿದ್ ವಾಯ್ಸ್ ಮೆಸೇಜು ಅರ್ಧಕ್ಕೇ ನಿಲ್ಲುಸ್ಬುಟ್ಟು ಅಳಿಸ್ಬುಟ್ಟೆ.

ಇವತ್ತು ಮಗಳು ಭಾನು ಅವಳು ಕೆಲಸ ಮಾಡೋ ರೇಷ್ಮೆ ಫ್ಯಾಕ್ಟ್ರಿ ತೋರ್ಸಿದ್ಲು. ನಮ್ಮ ರಾಮನಗರದ ಗೂಡಿನ ಮಾರ್ಕೆಟ್ಟಿಗಿಂತ ಉದ್ದ ಐತೆ. ಬಿಸಿನೀರಿಗೆ ಕೈ ಹಾಕಿ ನೂಲು ತಗಿಯೋರು ಒಬ್ರೂ ಇಲ್ಲ, ಎಲ್ಲಾ ಮಿಷನ್ನೇ. ನಮ್ಮ ಫಿಲೇಚರ್‌ನಲ್ಲಿ ಬಿಸಿನೀರಿನ ಬೇಸಿನ್ ಮುಂದೆ ಕೂತು ನೂಲು ತಗಿಯೋ ಬೋರಮ್ಮನ ಬೆಂದ ಬೆರಳು ನೆಪ್ಪಾಯ್ತು.

ಎಲ್ರೂ ಮಕ್ಕಳ್ನ ಚೀನಾಕ್ಕೆ ಡಾಕ್ಟ್ರು ಓದಕ್ಕೆ ಕಳುಸ್ತಾರೆ. ಇವಳು ಹಠ ಮಾಡಿ ಹಾಂಗ್‌ಝೌನೇ ಆರಿಸ್ಕೊಂಡ್ಲು, ರೇಷ್ಮೆ ಕೆಲಸ ಓದ್ಕೊಂಡು ಬಂದು ನಮ್ಮ ಫಿಲೇಚರ್ ನಡುಸ್ತೀನಿ ಅಂತ. ನಾನೂ ಊರೆಲ್ಲಾ ಹೇಳ್ಕೊಂಡು ತಿರುಗ್ದೆ. ಈಗ ನೋಡು, ಇಲ್ಲಿನ ನೂಲನ್ನ ನಮ್ಮ ಕಡೆಗೆ ಮಾರೋದೇ ಅವಳ ಕೆಲಸವಂತೆ. ಯಾಕೆ ಅವಳಿಗೇ ಕೊಟ್ರು ಗೊತ್ತಾ? ಕನ್ನಡ ಬತ್ತದೆ ಅಂತ!

"ಅಪ್ಪಾ, ನಿನ್ ನೂಲು ತಗೊಳ್ಳೋ ವ್ಯಾಪಾರಸ್ಥರ ನಂಬರೆಲ್ಲಾ ಕೊಡು. ಮೊದಲ್ನೇ ಆರ್ಡರ್ ತಂದ್ರೇನೇ ನನ್ ಕೆಲಸ ಖಾಯಂ" ಅಂತಾಳೆ.

"ಅವ್ರು ನಿನ್ ಹತ್ರ ತಗೊಂಡ್ರೆ ನಮ್ ಫಿಲೇಚರ್‌ಗೆ ಬೀಗ ಹಾಕ್ಬೇಕಲ್ಲವ್ವಾ" ಅಂದೆ.

"ನಾನ್ ಮಾರದಿದ್ರೆ ಇನ್ಯಾರೋ ಮಾರ್ತಾರೆ. ಮಗಳೇ ಮಾರ್ಲಿ ಬುಡು" ಅಂದ್ಲು.

ಮೈಗೇನೂ ತೊಂದ್ರೆ ಇಲ್ಲ, ಶುಗರ್ ಮಾತ್ರೆ ಇನ್ನೂ ಅವೆ. ಊಟ ಮಾತ್ರ ಸೇರ್ತಿಲ್ಲ, ಬರೀ ಅನ್ನಕ್ಕೆ ನೀನು ಕಟ್ಟಿಕೊಟ್ಟ ಚಟ್ನಿಪುಡಿ. ಬೋರಮ್ಮಂಗೆ ಇದ್ಯಾವ್ದೂ ಹೇಳ್ಬೇಡ.

ಇಗೋ, ಕೂಗ್ತಾವ್ಳೆ, "ಅಪ್ಪಾ, ಫೋನ್ ತತ್ತಾ, ನಂಬರ್ ಬರ್ಕೋತೀನಿ" ಅಂತ. ಕೊಡ್ದೆ ಏನ್ ಮಾಡ್ಲಕ್ಕಾ, ಮಗಳಲ್ವಾ. ಇಡ್ತೀನಿ.