ಬೆಟ್ಟವನ್ನು ಬಲಗಡೆ ಇಟ್ಟುಕೊಂಡು ಓಡಿದ್ದು

ನಂಜನಗೂಡು
೧೭-೧೧-೨೦೨೫, ಕಡೇ ಕಾರ್ತಿಕ ಸೋಮವಾರ

ಸಿಂಧುವಿನ ಅಪ್ಪಾಜಿಯವರಿಗೆ ಶಿವನಂಜಮ್ಮ ಮಾಡುವ ಶರಣು.

ಇವತ್ತು ನನಗೆ ಒಪ್ಪತ್ತು. ಹಾಲು ಕರೆದು ಡೈರಿಗೆ ಹಾಕಿ, ಕೊಟ್ಟಿಗೆ ಬಾಚಿ, ಕಪಿಲೆಯಲ್ಲಿ ಮುಳುಗಿ, ನಂಜುಂಡೇಶ್ವರನಿಗೆ ದೀಪ ಹಚ್ಚಿ ಬಂದು ಕೂತಿದ್ದೇನೆ. ನಿಮ್ಮ ಮಂಡಿನೋವು ಹೇಗಿದೆ? ಆ ಪ್ರಕೃತಿ ಚಿಕಿತ್ಸೆಯವರು ಫೋನು ಇಸಿದುಕೊಂಡು ಬರೀ ಬೂದುಗುಂಬಳದ ರಸ ಕುಡಿಸುತ್ತಾರಂತೆ. ಕುಡಿಯಿರಿ, ಒಳ್ಳೆಯದೇ. ಕಾವಲುಗಾರನನ್ನು ಪುಸಲಾಯಿಸಿ ಬೋಂಡ ತರಿಸಿಕೊಳ್ಳಬೇಡಿ, ನಿಮ್ಮನ್ನು ನಾನು ಬಲ್ಲೆ. ಹಸುಗಳು ಚೆನ್ನಾಗಿವೆ.

ಶನಿವಾರ, ಭಾನುವಾರ ನನ್ನ ತವರು ಮುಡುಕುತೊರೆಯಲ್ಲಿ ಬೆಟ್ಟದ ಓಟ ಇತ್ತಲ್ಲ, ಅದರ ಸುದ್ದಿ ಕೇಳಿ. ಹೊರಡುವ ದಿನ ನೀವು ಮಗಳಿಗೆ ಹೇಳಿ ಹೋಗಿದ್ದಿರಿ: "ಎರಡು ದಿನದ್ದೂ ಸೇರ್ಸಿ ಮೊದ್ಲ ಮೂರ್ ಜನದೊಳಗೆ ಬಂದ್ರೆ ಸರಿ. ಇಲ್ಲ ಅಂದ್ರೆ ಆ ಬೂಟ ಅಟ್ಟುಕ್ಕೆ ಎಸ್ದು ರಜಾ ದಿನ ಮನೇಲಿ ಕೂತ್ಕೊ. ಬೆಟ್ಟ ಅತ್ತಿ ಇಳಿಯಕ್ಕೆ ನೀನೇನ್ ಮೇಕೇನಾ?" ಅವಳೂ ಹಟಕ್ಕೆ ಬಿದ್ದು ಹೂಂ ಅಂದಳು. ಕೊಟ್ಟ ಮಾತು ತಪ್ಪುವವಳಲ್ಲ, ಅದರಲ್ಲಿ ನಿಮ್ಮ ಹಾಗೆಯೇ.

ಶನಿವಾರ ಬೆಟ್ಟವನ್ನು ಮೂರು ಸಲ ಹತ್ತಿ ಇಳಿಯುವ ಓಟ. ನಮ್ಮ ಸಿಂಧು ಹೆಂಗಸರಲ್ಲಿ ಎರಡನೆಯವಳಾಗಿ ಬಂದಳು! ಇಳಿಜಾರಿನಲ್ಲಿ ಅವಳು ಬಂಡೆಯಿಂದ ಬಂಡೆಗೆ ನೆಗೆಯುವುದನ್ನು ನೋಡಿ ನಾನು ಕಣ್ಣು ಮುಚ್ಚಿ ಪಂಚಾಕ್ಷರಿ ಹೇಳುತ್ತಿದ್ದೆ. ಕಣ್ಣು ಬಿಟ್ಟರೆ ಎದುರಿಗೇ ನಿಂತು ನೀರು ಕೇಳುತ್ತಿದ್ದಾಳೆ.

ಭಾನುವಾರದ್ದು ನಕ್ಷೆ ನೋಡಿಕೊಂಡು ದಾರಿ ಹುಡುಕುವ ಆಟ, ಇಬ್ಬಿಬ್ಬರ ಜೋಡಿ. ಇವಳ ಜೊತೆಗಾತಿ ಭಾನುಪ್ರಿಯಾಗೆ ಜ್ವರ. ಜೋಡಿ ಇಲ್ಲದಿದ್ದರೆ ಬಿಡುವುದಿಲ್ಲ ಎಂದರು. "ನಾನ್ ಹುಟ್ಟಿದ್ ಊರು, ನನ್ಗೆ ನಕ್ಷೆ ಯಾಕಮ್ಮೀ?" ಎಂದು ನಾನೇ ಸೀರೆ ಎತ್ತಿ ಕಟ್ಟಿದೆ. ಅಲ್ಲಲ್ಲಿ ಕಿತ್ತಳೆ ಬಾವುಟ ಅಡಗಿಸಿಟ್ಟಿರುತ್ತಾರೆ. ಬೆರಳಿಗೆ ಕಟ್ಟಿದ ಸಣ್ಣ ಬಿಲ್ಲೆಯನ್ನು ಅಲ್ಲಿನ ಪೆಟ್ಟಿಗೆಗೆ ಮುಟ್ಟಿಸಿದರೆ ಕುಂಯ್ ಅನ್ನುತ್ತದೆ. ಹೊಳೆ ಕಡೆಯ ಐದು ಸಿಂಧುವಿನದು. ಅವಳು ಬಂದು ನನ್ನ ಕೈ ಮುಟ್ಟಿದ ಮೇಲೆ ಬೆಟ್ಟದ ಸುತ್ತಿನ ಐದು ನನ್ನದು. ಆರರಿಂದ ಹತ್ತು, ನಂಬರಿನ ಪ್ರಕಾರ ಹೋಗಬೇಕು ಎಂದು ಅವಳು ಎರಡು ಸಲ ಹೇಳಿದ್ದಳು.

ನಿಜ ಹೇಳುತ್ತೇನೆ. ಆರನೆಯದಕ್ಕೆ ಹೋಗಬೇಕಾದರೆ ಬೆಟ್ಟ ಎಡಗಡೆಗೆ ಬರುತ್ತದೆ. ಮೇಲೆ ಮಲ್ಲಿಕಾರ್ಜುನ ಕೂತಿದ್ದಾನೆ, ಕಾರ್ತಿಕ ಮಾಸ, ನಾನು ಅಪ್ರದಕ್ಷಿಣೆ ಬರಲೇ? ಕಾಲು ಆ ಕಡೆ ಏಳಲೇ ಇಲ್ಲ. ಐದನ್ನೂ ಮುಟ್ಟಿದರೆ ಸಾಕಲ್ಲವೇ, ಯಾವ ಕಡೆಯಿಂದ ಬಂದರೇನು ಅಂದುಕೊಂಡು ಬೆಟ್ಟವನ್ನು ಬಲಗಡೆ ಇಟ್ಟುಕೊಂಡು ಹತ್ತರಿಂದ ಶುರು ಮಾಡಿದೆ. ಬಾಲ್ಯದಲ್ಲಿ ಸೌದೆ ಆಯ್ದ ಜಾಗಗಳು, ಬಾವುಟಗಳು ತಾವೇ ಕರೆದ ಹಾಗೆ ಸಿಕ್ಕವು. ಮೇಕೆ ಮೇಯಿಸುತ್ತಿದ್ದ ಗೋವಿಂದಯ್ಯನವರು, "ಯಾಕವ್ವಾ ಇಂಗ್ ಓಡೀಯೆ? ಯಾರಾರ ಅಟ್ಟುಸ್ಕೊಂಡ್ ಬತ್ತಾವ್ರಾ?" ಎಂದು ದೊಣ್ಣೆ ಹಿಡಿದು ನನ್ನ ಹಿಂದೆಯೇ ಓಡಿ ಬಂದರು, ಪಾಪ. ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದ್ದು ನಾನೇ. ಜನ ಚಪ್ಪಾಳೆ ಹೊಡೆದರು, ಸಿಂಧು ನನ್ನನ್ನು ಎತ್ತಿಕೊಂಡೇಬಿಟ್ಟಳು.

ಆಮೇಲೆ ಉಸ್ತುವಾರಿಯ ಹೇಮಲತಾ ಮೇಡಂ ಬಿಲ್ಲೆ ನೋಡಿ, "ಅಮ್ಮಾ, ಐದೂ ಇದಾವೆ, ಆದ್ರೆ ಎಲ್ಲಾ ಹಿಂದುಮುಂದು" ಅಂದರು. ಪಟ್ಟಿಯಿಂದ ನಮ್ಮ ಜೋಡಿಯನ್ನೇ ತೆಗೆದುಹಾಕಿದರು. ಎರಡು ದಿನದ್ದೂ ಸೇರಿಸಿಯೇ ಲೆಕ್ಕವಂತೆ, ಶನಿವಾರದ ಎರಡನೇ ಸ್ಥಾನವೂ ಅದರ ಜೊತೆ ಹೋಯಿತು.

ಸಿಂಧು ಬೈಯಲಿಲ್ಲ. "ಅವ್ವಾ, ನೀನು ಓಡಕ್ ಬಂದಿದ್ದಾ, ಅರಕೆ ತೀರ್ಸಕ್ ಬಂದಿದ್ದಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಸ್ಸು ಟಿ. ನರಸೀಪುರ ದಾಟಿದ ಮೇಲೆ ಮಾತ್ರ ಕಿಟಕಿ ಕಡೆಗೆ ತಿರುಗಿದವಳು ಈ ಕಡೆ ನೋಡಲಿಲ್ಲ. ಇವತ್ತು ಬೆಳಿಗ್ಗೆ ಬೂಟನ್ನು ತಾನೇ ಅಟ್ಟಕ್ಕೆ ಹಾಕಿ ಕೆಲಸಕ್ಕೆ ಹೋದಳು. ಅಪ್ರದಕ್ಷಿಣೆ ಬಂದು ಗೆದ್ದಿದ್ದರೆ ಆ ಗೆಲುವು ನನಗೆ ದಕ್ಕುತ್ತಿರಲಿಲ್ಲ, ಅದು ಬೇರೆ ಮಾತು. ಆದರೆ ನನ್ನ ಭಕ್ತಿಗೆ ದಂಡ ತೆತ್ತವಳು ಅವಳು.

ಹೊತ್ತಿಗೆ ಸರಿಯಾಗಿ ರಸ ಕುಡಿಯಿರಿ. ನಂಜುಂಡೇಶ್ವರ ನಿಮ್ಮ ಮಂಡಿಗೆ ಬಲ ಕೊಡಲಿ.

ಇಂತಿ ನಿಮ್ಮ
ಶಿವನಂಜಮ್ಮ

ತಾ.ಕ.: ಅವಳು ಮಾತು ಕೊಟ್ಟದ್ದು ತನ್ನ ಕಾಲಿನ ಭರವಸೆಯ ಮೇಲೆ, ನನ್ನ ಕಾಲಿನ ಮೇಲಲ್ಲ. ನಾನು ಹೇಳಿದರೆ ಕೇಳುವುದಿಲ್ಲ. ಮಾತು ತೆಗೆದುಕೊಂಡ ನೀವೇ ಅವಳನ್ನು ಅದರಿಂದ ಬಿಡಿಸಬೇಕು. ಮುಂದೆ ಕೊಡಗಿನಲ್ಲಿ ನಡೆಯುವ ಓಟಕ್ಕೆ ಹೆಸರು ಕೊಡಲು ಶುಕ್ರವಾರ ಕಡೇ ದಿನ. ಈ ಕಾಗದ ತರುವ ನಮ್ಮಣ್ಣನ ಮಗ ನಂಜುಂಡೇಶನೇ ಉತ್ತರವನ್ನೂ ತರಲಿ. ನನಗಲ್ಲ, ಸಿಂಧು ಹೆಸರಿಗೆ ಬರೆಯಿರಿ, ಎರಡು ಸಾಲು ಸಾಕು. ಬರೆದು ಕೊಡುವವರೆಗೆ ಆಸ್ಪತ್ರೆಯ ಗೇಟು ಬಿಟ್ಟು ಕದಲಬೇಡ ಎಂದು ಅವನಿಗೆ ಹೇಳಿ ಕಳಿಸಿದ್ದೇನೆ.