ಆಪರೇಷನ್ ಆದವಳ ಸೊಂಟದ ಅಳತೆ

ಜೂನ್ 14, ಶುಕ್ರವಾರ
ಹೊಲಿಗೆ ಅಂಗಡಿ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಎರಡು ಪತ್ರ ಬರೆದರೂ ಉತ್ತರವಿಲ್ಲವೆಂದು ನೀನು ಮುಖ ಊದಿಸಿಕೊಂಡು ಕೂತಿರುತ್ತೀಯ, ನನಗೆ ಗೊತ್ತು. ಶಾಲೆ ಶುರುವಾಗುವ ತಿಂಗಳು, ಎಪ್ಪತ್ತು ಯೂನಿಫಾರಂ ತಲೆಯ ಮೇಲಿದ್ದವು ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಯೂನಿಫಾರಂ ಇದ್ದದ್ದು ನಿಜ, ಕಾರಣ ಮಾತ್ರ ಅದಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅತ್ತೆ ಪಕ್ಕದಲ್ಲೇ ಕೂತು ಗುಂಡಿ ಹೊಲಿಯುತ್ತಿರುತ್ತಾರೆ. ನಾನು ಹಲೋ ಎಂದ ತಕ್ಷಣ ಅವರ ಸೂಜಿ ನಿಂತುಬಿಡುತ್ತದೆ. ಅದಕ್ಕೇ ಈ ಕಾಗದ.

ಇಲ್ಲಿ ಎಲ್ಲರೂ ಆರಾಮ. ನೀನು ಬಂದಾಗಲೆಲ್ಲ ಬೈಯುತ್ತಿದ್ದೆಯಲ್ಲ, ಆ ಹಿಂಬಾಗಿಲಿಗೆ ಕೊನೆಗೂ ಚಿಲಕ ಬಂತು. ನಮ್ಮವರು ಮೂರು ವಾರ ಲಾರಿ ಓಡಿಸಿ ಏಪ್ರಿಲ್ ಮೊದಲ ವಾರ ಮನೆಗೆ ಬಂದಾಗ, ನಾನು ಎರಡು ದಿನ ಅವರ ತಲೆ ತಿಂದು ಹಾಕಿಸಿದೆ. ಚಿಕ್ಕವನು ನನಗಿಂತ ಒಂದು ಇಂಚು ಎತ್ತರವಾಗಿದ್ದಾನೆ. ದೊಡ್ಡವಳಿಗೆ ಕನ್ನಡಿ ಬಿಟ್ಟು ಬೇರೆ ಲೋಕವಿಲ್ಲ.

ಈಗ ಕೈಯಲ್ಲಿರುವ ಲೋಟ ಕೆಳಗಿಟ್ಟು ಓದು. ನಾನು ಬಸುರಿ.

ಹೌದು, ನಾನೇ. ಹದಿಮೂರು ವರ್ಷದ ಹಿಂದೆ, ಚಿಕ್ಕವನು ಹುಟ್ಟಿದ ಮೂರನೇ ದಿನ, "ಇಲ್ಲಿಗೆ ಸಾಕು" ಎಂದು ನೀನೇ ಮುಂದೆ ನಿಂತು ಯಾರಿಗೆ ಆಪರೇಷನ್ ಮಾಡಿಸಿದ್ದೆಯೋ, ಅದೇ ನಾನು. ನಲವತ್ತೊಂದು ವರ್ಷ, ಚಾಳೀಸು ಬಂದಿದೆ, ಮೊಣಕಾಲು ನೋವಿದೆ, ಈಗ ಇದೂ ಇದೆ.

ಗೊತ್ತಾದದ್ದು ಹೇಗೆ ಎಂದು ಕೇಳಿದರೆ ನೀನು ನಗುತ್ತೀಯ. ನಾನು ಟೇಪು ಹಿಡಿದೇ ಬಸಿರು ಪತ್ತೆ ಮಾಡುವವಳು ಎಂದು ಈ ಬೀದಿಗೆಲ್ಲ ಗೊತ್ತು. ಸೊಂಟದ ಅಳತೆ ತೆಗೆಯುವಾಗ ಕೈಗೆ ತಿಳಿದುಬಿಡುತ್ತದೆ. ಬಾಯಿ ಬಿಡುವುದಿಲ್ಲ, ಹೊಲಿಗೆಯಲ್ಲಿ ಎರಡು ಇಂಚು ಒಳಗೆ ಬಿಟ್ಟಿರುತ್ತೇನೆ, ಅವರು ತಾವಾಗಿ ಬಂದು ಬಿಚ್ಚಿಸಿಕೊಳ್ಳುತ್ತಾರೆ. ಇಂಥವಳು ನನ್ನ ಸ್ಕರ್ಟ್ ಬಿಗಿಯಾದಾಗ ಏನು ಮಾಡಿದೆ ಗೊತ್ತೇ? ಅಳತೆ ತೆಗೆದೆ. ಒಂದೂವರೆ ಇಂಚು ಹೆಚ್ಚು ಬಂತು. ಹಾಳಾದ ಟೇಪು ಕುಗ್ಗಿದೆ ಎಂದುಕೊಂಡು ಹೊಸದು ತಂದೆ. ಅದರಲ್ಲೂ ಅಷ್ಟೇ ಬಂತು. ಅದನ್ನು ತೆಗೆದುಕೊಂಡು ಹೋಗಿ ಅಂಗಡಿಯವನ ಜೊತೆ ಅರ್ಧ ಗಂಟೆ ಜಗಳವಾಡಿ, ಮೂರನೆಯದನ್ನು ತಂದೆ. ಮುಟ್ಟು ನಿಂತದ್ದಕ್ಕೆ ವಯಸ್ಸಾಯಿತು ಎಂದು ನಾನೇ ತೀರ್ಪು ಕೊಟ್ಟಾಗಿತ್ತು.

ಮೂರನೇ ಟೇಪನ್ನು ನಾನು ಬೈಯುತ್ತಿದ್ದಾಗ ಅತ್ತೆ ಹಲ್ಲಿನಿಂದ ದಾರ ಕಡಿದು, ಕನ್ನಡಕದ ಮೇಲಿಂದ ನೋಡಿದರು.

"ಟೇಪಿಗೇನೂ ಆಗಿಲ್ಲ ಕಣೇ. ಆಗಿರೋದು ನಿನಗೇ."

ನಮ್ಮ ಬೀದಿಯ ಔಷಧಿ ಅಂಗಡಿಯವನ ಹೆಂಡತಿ ನನ್ನ ಗಿರಾಕಿ, ಬಾಯಿ ಸಡಿಲ. ಅದಕ್ಕೆ ಮೂರು ಬೀದಿ ದಾಟಿ ಬೇರೆ ಅಂಗಡಿಯಲ್ಲಿ ಪರೀಕ್ಷೆಯ ಕಡ್ಡಿ ತಂದೆ. ಎರಡು ಗೆರೆ ಬಂತು. ಇನ್ನೊಂದು ತಂದು ನೋಡಿದೆ, ಅದರಲ್ಲೂ ಎರಡು. ಆ ಅಂಗಡಿಯವನ ಜೊತೆಗೂ ಜಗಳಕ್ಕೆ ಹೋಗುತ್ತಿದ್ದೆ, ಅತ್ತೆ ನನ್ನ ತೋಳು ಹಿಡಿದು ಕೂರಿಸಿದರು.

ಅದೃಷ್ಟಕ್ಕೆ ಅವತ್ತು ನಮ್ಮವರು ಮನೆಯಲ್ಲಿದ್ದರು. ಮೂವರೂ ಡಾಕ್ಟರಮ್ಮನ ಹತ್ತಿರ ಹೋದೆವು. ಅತ್ತೆ ದಾರಿಯುದ್ದಕ್ಕೂ ಪ್ರಶ್ನೆಗಳನ್ನು ಕೂಡಿಟ್ಟುಕೊಂಡು ಬಂದಿದ್ದರು, ಕುರ್ಚಿಯಲ್ಲಿ ಕೂರುವ ಮೊದಲೇ ಸುರಿದರು. ಕಟ್ಟಿದ್ದು ಸಡಿಲ ಆಯಿತೇ, ಇವಳು ಭಾರದ ಹೊಲಿಗೆ ಮಿಷನ್ ಎತ್ತಿದ್ದರಿಂದ ಬಿಚ್ಚಿಕೊಂಡಿತೇ, ಆಪರೇಷನ್ ಮಾಡಿದವರು ಒಂದೇ ಕಡೆ ಕಟ್ಟಿ ಊಟಕ್ಕೆ ಹೋಗಿಬಿಟ್ಟರೇ. ಡಾಕ್ಟರಮ್ಮ ತಾಳ್ಮೆಯಿಂದ ಉತ್ತರ ಕೊಟ್ಟರು. ಎತ್ತಿದ್ದರಿಂದ ಏನೂ ಬಿಚ್ಚುವುದಿಲ್ಲ. ಯಾರ ತಪ್ಪೂ ಇರಬೇಕಾಗಿಲ್ಲ, ಕತ್ತರಿಸಿದ ಟ್ಯೂಬು ಅಪರೂಪಕ್ಕೆ ತಾನಾಗಿ ಕೂಡಿಕೊಳ್ಳುತ್ತದೆ. ಇನ್ನೂರು ಜನರಲ್ಲಿ ಒಬ್ಬರಿಗೆ ಹೀಗಾಗಬಹುದು, ವರ್ಷಗಳ ಮೇಲೂ ಆಗಬಹುದು. ಜೀವನದಲ್ಲಿ ಒಂದು ಲಾಟರಿಯೂ ಹೊಡೆಯದವಳು ನಾನು, ನನಗೇ ಬಂತು ನೋಡು.

ಆಮೇಲೆ ಅವರ ಮುಖ ಗಂಭೀರವಾಯಿತು. ಆಪರೇಷನ್ ಆದವಳು ಬಸುರಿಯಾದರೆ ಮೊದಲು ನೋಡಬೇಕಾದದ್ದು ಮಗು ಎಲ್ಲಿ ಕೂತಿದೆ ಎಂಬುದನ್ನಂತೆ. ಗರ್ಭದಲ್ಲಲ್ಲದೆ ಟ್ಯೂಬಿನಲ್ಲೇ ಬೆಳೆದರೆ ಟ್ಯೂಬು ಒಡೆದು ತಾಯಿಯ ಜೀವಕ್ಕೇ ಕುತ್ತು. ಹೊಟ್ಟೆಯ ಒಂದೇ ಪಕ್ಕ ನೋವಿದೆಯಾ, ರಕ್ತ ಹೋಗಿದೆಯಾ, ತಲೆ ಸುತ್ತಿದೆಯಾ ಎಂದು ಕೇಳಿದರು. ಯಾವುದೂ ಇರಲಿಲ್ಲ. ಆದರೂ "ನಾಳೆ ಅನ್ನಬೇಡಿ, ಈಗಲೇ ಸ್ಕ್ಯಾನಿಂಗ್ ಆಗಲಿ" ಎಂದರು. ಸ್ಕ್ಯಾನಿಂಗ್ ಕೋಣೆಯ ಹೊರಗಿನ ಉದ್ದದ ಹಜಾರದಲ್ಲಿ ಬೆಂಚಿನ ಮೇಲೆ ಕೂತಾಗ, ಅಕ್ಕ, ಬೇಡದ ಮಗು ಎಂದು ಬೆಳಗ್ಗೆಯಿಂದ ಬೈದುಕೊಂಡವಳು, ಸರಿಯಾದ ಜಾಗದಲ್ಲಿ ಕೂತಿರಪ್ಪಾ ಎಂದು ಬೇಡಿಕೊಂಡೆ.

ಒಳಗೆ ಮಂಚದ ಮೇಲೆ ಮಲಗಿಸಿ ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಸವರಿದರು. ಡಾಕ್ಟರಮ್ಮ ಪರದೆ ನೋಡುತ್ತ ಯಂತ್ರದ ಹಿಡಿಯನ್ನು ಹೊಟ್ಟೆಯ ಮೇಲೆ ಅತ್ತಿತ್ತ ಆಡಿಸಿದರು. ಕೊನೆಗೆ, "ಕೂರಬೇಕಾದ ಕಡೆಯೇ ಕೂತಿದೆ. ಹನ್ನೊಂದು ವಾರ" ಎಂದರು. ನಾನು ಅತ್ತುಬಿಟ್ಟೆ. ಇಂಥ ಹೊತ್ತಿನಲ್ಲಿ ನಮ್ಮವರ ಪ್ರಶ್ನೆ ಕೇಳು. "ಈ ವಾರನೆಲ್ಲ ಯಾವತ್ತಿಂದ ಎಣಿಸ್ತೀರಿ, ಡಾಕ್ಟ್ರೇ?" ಎರಡು ಮಕ್ಕಳ ಅಪ್ಪ, ಪೆದ್ದನ ಹಾಗೆ. ಕೊನೆಯ ಮುಟ್ಟಿನ ದಿನದಿಂದ ಎಣಿಸುತ್ತೇವೆ, ಮಗು ನಿಂತದ್ದು ಸುಮಾರು ಎರಡು ವಾರ ಕಳೆದು ಎಂದು ಅವರು ವಿವರಿಸಿದರು. ಆಮೇಲೆ ನಮ್ಮವರು ನಕ್ಕರು ನೋಡು, ಹೊರಗೆ ಕೂತಿದ್ದ ಅತ್ತೆ ಗಾಬರಿಯಾಗಿ ಬಾಗಿಲು ತಳ್ಳಿಕೊಂಡು ಒಳಗೇ ಬಂದರು.

ಇಟ್ಟುಕೊಳ್ಳುವುದೋ ಬೇಡವೋ ಎಂದು ಯೋಚಿಸಿ ಹೇಳಿ, ಈ ವಯಸ್ಸಿನಲ್ಲಿ ಹೆಚ್ಚು ಎಚ್ಚರ ಬೇಕು ಎಂದರು ಡಾಕ್ಟರಮ್ಮ. ನಾನು ನಾಲ್ಕು ದಿನ ಯೋಚಿಸಿದೆ. ಇಟ್ಟುಕೊಳ್ಳುತ್ತೇನೆ. ಹದಿಮೂರು ವರ್ಷ ಬಾಗಿಲು ಹಾಕಿದ್ದರೂ ಒಳಗೆ ಬಂದ ಹಟಮಾರಿಯನ್ನು ನೋಡಬೇಕೆನಿಸಿದೆ. ದೊಡ್ಡವಳು ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೇ ದಿನ, "ನನ್ನ ಕ್ಲಾಸಿನವರಿಗೆ ಗೊತ್ತಾಗಬಾರದು. ಮತ್ತೆ, ಹೆಸರು ನಾನೇ ಇಡ್ತೀನಿ" ಎಂದಳು.

ಸುದ್ದಿ ಬೀದಿಗೆ ಹಬ್ಬಲು ಒಂದು ಮಧ್ಯಾಹ್ನ ಸಾಕಾಯಿತು. ಅಳತೆ ಕೊಡುವ ನೆಪದಲ್ಲಿ ಬಂದವರೆಲ್ಲ ನನ್ನನ್ನೇ ಅಳೆದರು. ಹಾಗಾದರೆ ನಮಗೂ ಆಗಬಹುದಾ ಎಂದು ಆಪರೇಷನ್ ಆದ ನಾಲ್ವರು ಪಾಪ ನಿಜವಾಗಿಯೇ ಹೆದರಿದ್ದರು. ಹೆದರಬೇಡಿ, ಮುಟ್ಟು ತಪ್ಪಿದರೆ ಮಾತ್ರ ನನ್ನ ಹಾಗೆ ಟೇಪಿನ ಮೇಲೆ ಹಾಕದೆ ಡಾಕ್ಟರ ಹತ್ತಿರ ಹೋಗಿ ಎಂದೆ. ಔಷಧಿ ಅಂಗಡಿಯವನ ಹೆಂಡತಿ ಮಾತ್ರ ತುಟಿಯಂಚಿನಲ್ಲಿ ನಗುತ್ತ, "ನಿಮ್ಮ ಯಜಮಾನ್ರು ತಿಂಗಳಲ್ಲಿ ಮೂರು ವಾರ ಊರಲ್ಲೇ ಇರಲ್ವಲ್ಲ" ಎಂದಳು. ನಾನು ಅವಳ ಗೌನಿನ ಕಂಕುಳು ಅರ್ಧ ಇಂಚು ಬಿಗಿಯಾಗಿ ಹೊಲಿದುಕೊಟ್ಟೆ. ಮನೆಯಲ್ಲಿ ಹೇಳಿದಾಗ ನಮ್ಮವರು ಕೆಂಡವಾದರು. "ಆಪರೇಷನ್ ಆಗ್ಬೇಕಿರೋದು ಅವಳ ನಾಲಿಗೆಗೆ" ಎಂದರು. ಅತ್ತೆ ನಕ್ಕು ನಕ್ಕು ಸೂಜಿ ಕಳೆದುಕೊಂಡರು. ನಾನೂ ನಕ್ಕೆ.

ಡಿಸೆಂಬರಿಗೆ ನೀನು ಬರಲೇಬೇಕು, ಕೈ ಹಿಡಿದುಕೊಳ್ಳಲು. ಈ ಸಲ ಆಪರೇಷನ್ ನಮ್ಮವರಿಗೆ ಮಾಡಿಸುವುದು ಎಂದು ಅತ್ತೆಯೇ ಹೇಳಿಬಿಟ್ಟಿದ್ದಾರೆ. ಭಾವನಿಗೆ ನಮಸ್ಕಾರ. ನಿನ್ನ ಮಕ್ಕಳು ನೂರು ಕಾಲ ಸುಖವಾಗಿರಲಿ, ಅವರ ಚಿಕ್ಕಮ್ಮನನ್ನು ನೋಡಿ ನಗಲಿ.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಲಕೋಟೆ ಅಂಟಿಸಿಯಾಗಿತ್ತು, ಮತ್ತೆ ಬಿಚ್ಚಿದ್ದೇನೆ. ಇದನ್ನು ಭಾವನಿಗೆ ಓದಿ ಹೇಳಬೇಡ. ಸ್ಕ್ಯಾನಿಂಗ್ ಕೋಣೆಯಲ್ಲಿ ನಮ್ಮವರು ಕೇಳಿದ್ದು ಪೆದ್ದನ ಪ್ರಶ್ನೆಯಲ್ಲ. ನಾನು ಮಲಗಿದ್ದೆನಲ್ಲ, ಅವರ ಕೈ ನನ್ನ ಕಣ್ಣಿನ ಮಟ್ಟಕ್ಕಿತ್ತು. ಎರಡು ವಾರ ಕಳೆಯಬೇಕು ಎಂದು ಡಾಕ್ಟರಮ್ಮ ಹೇಳಿದ ಮೇಲೆ ಅವರ ಹೆಬ್ಬೆರಳು ಬೆರಳಿನ ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟುತ್ತ ಹೋಯಿತು. ಒಂಬತ್ತು ವಾರ ಹಿಂದಕ್ಕೆ ಹೋಗಿ ನಿಂತಿತು. "ಚಿಲಕ ಹಾಕಿದ ವಾರ" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಬೀದಿಯವರು ಕೇಳಿದ್ದು ನನಗೆ ನಾಟಲೇ ಇಲ್ಲ. ಹದಿನೆಂಟು ವರ್ಷ ಜೊತೆಗೆ ಬಾಳಿದವರು, ಒಳ್ಳೆಯವರೇ, ಈಗಲೂ ಆಚೆ ಕೋಣೆಯಲ್ಲಿ ಹಳೆಯ ತೊಟ್ಟಿಲಿಗೆ ಬಣ್ಣ ಬಳಿಯುತ್ತಿದ್ದಾರೆ. ಆದರೆ ಅವತ್ತು ಅವರು ನಕ್ಕಿದ್ದು ಎಣಿಕೆ ಸರಿಬಂದ ಮೇಲೆ ಅಕ್ಕ, ಅದಕ್ಕೆ ಮೊದಲಲ್ಲ.